ಸಮುದ್ರದ ಉಸುಕಿನ ಹರಾಜು: ಧಾರವಾಡದ ಸಂಸದರಿಗೆ ಒಂದು ಬಹಿರಂಗ ಪತ್ರ

ಧಾರವಾಡ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರಗಳು.

ನಾನು ಧಾರವಾಡದ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು. ನಿಮ್ಮ ಕ್ಷೇತ್ರದ ಮತದಾರ. ಹುಟ್ಟಿದ್ದು ಹಾವೇರಿ ಜಿಲ್ಲೆಯ ತುಂಗಭದ್ರಾ ದಂಡೆಯ ಒಂದು ಹಳ್ಳಿಯಲ್ಲಿ. ಈ ಪತ್ರ ಕುಡಿಯುವ ನೀರಿನ ಬಗ್ಗೆ ಅಲ್ಲ, ಹುಬ್ಬಳ್ಳಿ ಫ್ಲೈಓವರ್ ಬಗ್ಗೆಯೂ ಅಲ್ಲ. ಆ ವಿಷಯಕ್ಕೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ವಿಷಯ ಸಮುದ್ರದ ತಳದಲ್ಲಿರುವ ಉಸುಕು, ಮತ್ತು ಅದರೊಳಗೆ ಬದುಕುವ ಕಣ್ಣಿಗೆ ಕಾಣದ ಪ್ರಾಣಿಗಳು.

ಸಮುದ್ರದ ವಿಷಯವನ್ನು ಧಾರವಾಡದ ಸಂಸದರಿಗೆ ಯಾಕೆ ಬರೆಯಬೇಕು ಅಂತ ಕೇಳಬಹುದು. ಕಾರಣ ಇದೆ. 2002ರ ಕಡಲ ಖನಿಜ ಕಾಯ್ದೆಗೆ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂದದ್ದು 2023ರ ಜುಲೈನಲ್ಲಿ. ಆಗ ಗಣಿ ಸಚಿವರಾಗಿದ್ದವರು ನೀವು. ಮಸೂದೆ ಮಂಡಿಸಿದವರೂ ನೀವೇ. ಆಗಸ್ಟ್ ಮೊದಲ ವಾರದೊಳಗೆ ಎರಡೂ ಸದನ ಒಪ್ಪಿದವು. ಅಂದಿನಿಂದ ಸಮುದ್ರದ ತಳದ ಖನಿಜವನ್ನು ಹರಾಜಿನ ಮೂಲಕ ಕೊಡಬಹುದು. ಗುತ್ತಿಗೆ ಅವಧಿ 50 ವರ್ಷ. ಈಗ ನಿಮ್ಮ ಖಾತೆ ಬೇರೆ, ಗೊತ್ತು. ಆದರೂ ಈ ಕಾನೂನಿನ ಒಳಹೊರಗು ನಿಮಗೆ ಗೊತ್ತಿರುವಷ್ಟು ಬೇರೆ ಸಂಸದರಿಗೆ ಗೊತ್ತಿರಲಿಕ್ಕಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

2024ರ ನವೆಂಬರ್ 28ರಂದು ಮೊದಲ ಕಂತಿನಲ್ಲಿ 13 ಬ್ಲಾಕ್‌ಗಳನ್ನು ಹರಾಜಿಗೆ ಇಟ್ಟರು. ಗುಜರಾತಿನ ಕಡಲಲ್ಲಿ ಮೂರು, ಸುಣ್ಣದ ಕೆಸರು. ಗ್ರೇಟ್ ನಿಕೋಬಾರ್ ಹತ್ತಿರ ಏಳು, ಲೋಹದ ಉಂಡೆಗಳು ಮತ್ತು ಪದರಗಳು. ಕೇರಳದ ಕೊಲ್ಲಂ ಎದುರಿಗೆ ಮೂರು, ಬರೀ ಉಸುಕು. ಮನೆ ಕಟ್ಟುವ ಉಸುಕು. ಆ ಮೂರು ಬ್ಲಾಕ್ ಸೇರಿ 242 ಚದರ ಕಿ.ಮೀ., ಅಲ್ಲಿರುವ ಉಸುಕು ಸುಮಾರು 30 ಕೋಟಿ ಟನ್. ಹತ್ತು ಟನ್ನಿನ ಟಿಪ್ಪರ್ ಲೆಕ್ಕದಲ್ಲಿ ಮೂರು ಕೋಟಿ ಲೋಡು. ಕೇರಳದ ಮೀನುಗಾರರು 2025ರ ಫೆಬ್ರವರಿಯಲ್ಲಿ ಕರಾವಳಿ ಬಂದ್ ಮಾಡಿದರು. ಮಾರ್ಚ್‌ನಲ್ಲಿ ಅಲ್ಲಿನ ವಿಧಾನಸಭೆ ಇದನ್ನು ಕೈಬಿಡಿ ಅಂತ ನಿರ್ಣಯ ಮಾಡಿತು. ನಮ್ಮ ಕಡೆ ಪೇಪರಿನಲ್ಲಿ ಒಳಪುಟದ ಸುದ್ದಿಯಾಗಿ ಹೋಯಿತು ಅಷ್ಟೆ.

ಟನ್ ಲೆಕ್ಕ ಸಿಗುತ್ತದೆ, ಚದರ ಕಿಲೋಮೀಟರ್ ಲೆಕ್ಕ ಸಿಗುತ್ತದೆ. ಆ ಉಸುಕಿನಲ್ಲಿ ಯಾರು ವಾಸ ಇದ್ದಾರೆ ಎನ್ನುವ ಲೆಕ್ಕವೂ ಹರಾಜಿನ ಕಾಗದದಲ್ಲಿ ಅಷ್ಟೇ ದಪ್ಪಕ್ಷರದಲ್ಲಿ ಇರಬೇಕು. ನನ್ನ ಬೇಡಿಕೆಯ ತಿರುಳು ಇಷ್ಟೇ.

ಯಾಕೆ ಈ ಹಟ ಅಂತ ಹೇಳಬೇಕಾದರೆ ಮೊದಲು ನಮ್ಮ ಹೊಳೆಯ ಕತೆ ಹೇಳಬೇಕು. ನಮ್ಮೂರಲ್ಲಿ ಬೇಸಿಗೆಗೆ ಹೊಳೆ ಸಣ್ಣದಾದಾಗ ಹೆಣ್ಣುಮಕ್ಕಳು ಉಸುಕಿನಲ್ಲಿ ವರ್ತಿ ತೋಡುತ್ತಿದ್ದರು. ಮೊಣಕೈ ಆಳ ತೋಡಿದರೆ ಸಾಕು, ನೀರು ಜಿನುಗುತ್ತಿತ್ತು. ಮೊದಲ ಎರಡು ಬಟ್ಟಲು ಚೆಲ್ಲಿ, ಆಮೇಲೆ ಬಂದದ್ದನ್ನು ಕೊಡಕ್ಕೆ ತುಂಬುತ್ತಿದ್ದರು. ಪಕ್ಕದಲ್ಲೇ ಎಮ್ಮೆ ಮೈ ತೊಳೆದ ನೀರು ಹರಿಯುತ್ತಿದ್ದರೂ ವರ್ತಿಯ ನೀರು ತಿಳಿ. ಉಸುಕು ಸೋಸುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಆ ಕೆಲಸದಲ್ಲಿ ದೊಡ್ಡ ಪಾಲು ಉಸುಕಿನ ಕಣಕ್ಕೆ ಅಂಟಿಕೊಂಡ ಬ್ಯಾಕ್ಟೀರಿಯಾದ್ದು, ಅದನ್ನು ಮೇಯ್ದು ಸಂದು ಕಟ್ಟದಂತೆ ನೋಡಿಕೊಳ್ಳುವ ಸಣ್ಣ ಹುಳುಗಳದ್ದು ಅಂತ ನಾನು ತಿಳಿದದ್ದು ಎಂ.ಎಸ್ಸಿ.ಗೆ ಬಂದ ಮೇಲೆ. ಇಂಗ್ಲೆಂಡಿನಲ್ಲಿ 1829ರಲ್ಲಿ ಥೇಮ್ಸ್ ನೀರನ್ನು ಲಂಡನ್ನಿಗೆ ಸೋಸಿ ಕೊಡಲು ಕಟ್ಟಿದ ಉಸುಕಿನ ತೊಟ್ಟಿ ಕೆಲಸ ಮಾಡಿದ್ದೂ ಇದೇ ಜೀವಿಗಳ ಬಲದ ಮೇಲೆ.

ಆಮೇಲೆ ಉಸುಕಿನ ದಂಧೆ ಬಂತು. ಹೆಸರು ಬೇಡ, ಯಾರ ಹೆಸರೂ ಬೇಡ. ರಾತ್ರಿ ಟಿಪ್ಪರ್, ಹಗಲು ಪರ್ಮಿಟ್. 2016ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಹೊಳೆಯಲ್ಲಿ 3 ಮೀಟರಿಗಿಂತ ಆಳ ತೆಗೆಯುವ ಹಾಗಿಲ್ಲ, ಮಳೆಗಾಲದಲ್ಲಿ ಮುಟ್ಟುವ ಹಾಗಿಲ್ಲ. ಎಷ್ಟೇ ಸಣ್ಣ ಬ್ಲಾಕ್ ಆದರೂ ಪರಿಸರ ಅನುಮತಿ ಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ನಮ್ಮೂರ ಎದುರಿನ ಬ್ಲಾಕಿಗೂ ಒಂದು ವರದಿ ಇತ್ತು. ಅದನ್ನು ಕೇಳಿ ಪಡೆದು ಓದಿದೆ. ‘ಪ್ರಾಣಿ ಸಂಪತ್ತು’ ಎನ್ನುವ ಕಾಲಮ್ಮಿನಲ್ಲಿ ಬರೆದಿದ್ದರು: ಆಕಳು, ಎಮ್ಮೆ, ನಾಯಿ, ಕಾಗೆ, ಬೆಳ್ಳಕ್ಕಿ. ಹೊಳೆಯ ವರದಿಯಲ್ಲಿ ಮೀನು ಕೂಡ ಇರಲಿಲ್ಲ! ನಾನೊಂದು ಅರ್ಜಿ ಬರೆದೆ. ‘ಸದರಿ ಸ್ಥಳದಲ್ಲಿ ವನ್ಯಜೀವಿಗಳು ಕಂಡುಬಂದಿರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂತು. ಈಗ ಅಲ್ಲಿ ಬಂಡೆ ಎದ್ದು ಕೂತಿದೆ, ಹೊಂಡಗಳಲ್ಲಿ ಪಾಚಿ ನಿಂತಿದೆ. ವರ್ತಿ ತೋಡಲು ಉಸುಕೇ ಇಲ್ಲ.

ಕಂಡುಬರಬೇಕಾದರೆ ಯಾರಾದರೂ ನೋಡಬೇಕು ಅಲ್ವಾ? ನಮ್ಮ ತುಂಗಭದ್ರೆ ಮುಂದೆ ಹೋಗಿ ಸೇರುವ ಕೃಷ್ಣೆಯಲ್ಲಿ ನೋಡಿದವರಿದ್ದಾರೆ. ಆಂಧ್ರದ ಪ್ರಾಣಿಶಾಸ್ತ್ರಜ್ಞ ವೈ. ರಂಗಾ ರೆಡ್ಡಿಯವರು ಕೃಷ್ಣಾ, ಗೋದಾವರಿ ಸೀಮೆಯ ಹೊಳೆ ಉಸುಕು ಮತ್ತು ಅಂತರ್ಜಲದಲ್ಲಿ ಕಣ್ಣಿಲ್ಲದ, ಬಣ್ಣವಿಲ್ಲದ ಪುಟ್ಟ ಸಿಗಡಿಜಾತಿಯ ಜೀವಿಗಳನ್ನು ಹುಡುಕಿದರು. ಅವುಗಳಲ್ಲಿ ಹಲವು ಜಗತ್ತಿಗೇ ಹೊಸವು. ನಮ್ಮ ಹಾವೇರಿಯ ಉಸುಕಿನಲ್ಲಿ ಏನಿತ್ತೋ, ಅದು ಯಾವ ಊರಿನ ಯಾವ ಮನೆಯ ಗಿಲಾಯಿಯಲ್ಲಿ ಸೇರಿತೋ.

ಹೊಳೆಯ ವಿಷಯ ಇಲ್ಲಿಗೆ ಸಾಕು. ಸಮುದ್ರದ ಉಸುಕು ಇನ್ನೂ ದೊಡ್ಡ ಸಂಸಾರ.

ಪ್ರತಿ ವರ್ಷ ನಮ್ಮ ವಿದ್ಯಾರ್ಥಿಗಳು ಕಾರವಾರಕ್ಕೆ ಹೋಗುತ್ತಾರೆ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದೇ ಅಲ್ಲಿನ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವಲ್ಲಿ. ಹುಡುಗರು ನಕ್ಷತ್ರ ಮೀನು, ಏಡಿ, ಬಳಚು ಹುಡುಕುತ್ತಾರೆ. ನಾನು ಅವರ ಕೈಗೆ ಅಗಲ ಬಾಯಿಯ ಒಂದು ಬಾಟಲಿ ಕೊಟ್ಟು, ಇಳಿತದ ಹೊತ್ತಿಗೆ ನೀರಂಚಿನ ಹಸಿ ಉಸುಕು ತುಂಬಿಸಿ ಅನ್ನುತ್ತೇನೆ. ಸುಮ್ನೆ ನಗುತ್ತಾರೆ. ಅಲ್ಲೇ ಲ್ಯಾಬಿಗೆ ಬಂದು ಆ ಉಸುಕನ್ನು ಬಕೆಟ್ಟಿಗೆ ಹಾಕಿ, ಅದರ ಮೇಲೆ ನಲ್ಲಿಯ ಸಿಹಿನೀರು ಸುರಿದು, ಕೈಯಿಂದ ಒಮ್ಮೆ ಗರ್ರನೆ ತಿರುಗಿಸಿ, ಉಸುಕು ತಳಕ್ಕೆ ಕೂಡುವಷ್ಟು ಕಾದು, ಮೇಲಿನ ನೀರನ್ನು 63 ಮೈಕ್ರಾನ್ ಜರಡಿಯಲ್ಲಿ, ಅಂದರೆ ಮಿಲಿಮೀಟರಿನ ಸುಮಾರು ಹದಿನಾರನೇ ಒಂದು ಪಾಲಿನಷ್ಟು ಸಣ್ಣ ತೂತಿನ ಜರಡಿಯಲ್ಲಿ ಸೋಸುತ್ತೇವೆ. ಸಿಹಿನೀರು ತಾಗಿದ ಕೂಡಲೇ ಕಣಗಳನ್ನು ಹಿಡಿದುಕೊಂಡಿದ್ದ ಜೀವಿಗಳು ಹಿಡಿತ ಬಿಡುತ್ತವೆ. ತಕ್ಷಣ ಜರಡಿಯನ್ನು ಉಪ್ಪುನೀರಿಗೆ ಇಳಿಸಬೇಕು, ಇಲ್ಲದಿದ್ದರೆ ಸಾಯುತ್ತವೆ. ಜರಡಿಯಲ್ಲಿ ಉಳಿದದ್ದು ಒಂದು ಚಿಟಿಕೆ ಮಸಿಯ ಹಾಗೆ ಇರುತ್ತದೆ.

ಅದನ್ನು ಗಾಜಿನ ತಟ್ಟೆಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಯಾರೂ ನಗುವುದಿಲ್ಲ. ದುಂಡು ಹುಳುಗಳು ಇಂಗ್ಲಿಷಿನ ಎಸ್ ಆಕಾರದಲ್ಲಿ ಹೊರಳುತ್ತಿರುತ್ತವೆ. ಅವೇ ಎಲ್ಲಕ್ಕಿಂತ ಜಾಸ್ತಿ. ಕೋಪಿಪಾಡ್ ಎಂಬ ಸಿಗಡಿಜಾತಿಯ ಪುಟ್ಟ ಜೀವಿಗಳು ಚಟಕ್ಕನೆ ಜಿಗಿಯುತ್ತವೆ, ಕೆಲವು ಬೆನ್ನ ಹಿಂದೆ ಮೊಟ್ಟೆಚೀಲ ಹೊತ್ತುಕೊಂಡೇ ಓಡುತ್ತವೆ. ಗ್ಯಾಸ್ಟ್ರೊಟ್ರಿಕ್ ಅಂತ ಒಂದು ಪ್ರಾಣಿ ಇದೆ. ಅರ್ಧ ಮಿಲಿಮೀಟರೂ ಇಲ್ಲ. ಅದರ ಮೈಮೇಲೆ ಸಣ್ಣ ಕೊಳವೆಗಳಿವೆ, ಒಂದೊಂದರಲ್ಲಿ ಎರಡು ಗ್ರಂಥಿ. ಒಂದು ಅಂಟು ಬಿಡುತ್ತದೆ, ಇನ್ನೊಂದು ಆ ಅಂಟನ್ನು ಬಿಡಿಸುವ ರಸ ಬಿಡುತ್ತದೆ. ಅಲೆ ಬಂದಾಗ ಕಣಕ್ಕೆ ಅಂಟಿಕೊಳ್ಳುತ್ತದೆ, ಅಲೆ ಹೋದಾಗ ಬಿಡಿಸಿಕೊಂಡು ಮುಂದೆ ಹೋಗುತ್ತದೆ. ದಿನಕ್ಕೆ ಸಾವಿರಾರು ಅಲೆ ಬಡಿಯುವ ದಂಡೆಯಲ್ಲಿ ಬದುಕಬೇಕಾದರೆ ಇಂಥ ಉಪಾಯ ಬೇಕೇ ಬೇಕು.

ಇಂಥವನ್ನೆಲ್ಲ ಒಟ್ಟಾಗಿ ಮೆಯೋಫಾನಾ ಅನ್ನುತ್ತಾರೆ. 1942ರಲ್ಲಿ ಮಾಲಿ ಮೇರ್ ಎಂಬ ಇಂಗ್ಲಿಷ್ ವಿಜ್ಞಾನಿ ಇಟ್ಟ ಹೆಸರು. ಒಂದು ಚದರ ಮೀಟರ್ ಸಮುದ್ರದ ತಳದಲ್ಲಿ ಇವು ಸಾಮಾನ್ಯವಾಗಿ ಹತ್ತು ಲಕ್ಷದ ಲೆಕ್ಕದಲ್ಲಿ ಸಿಗುತ್ತವೆ. ಬಹುಪಾಲು ಇರುವುದು ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿ. ಇದನ್ನು ದಯವಿಟ್ಟು ಗಮನಿಸಿ. ಉಸುಕು ಹೀರುವ ಹಡಗಿನ ಪೈಪು ಮೊದಲು ಬಾಯಿ ಹಾಕುವುದೂ ಅಲ್ಲಿಗೇ. ಈ ಲೆಕ್ಕವನ್ನು 242 ಚದರ ಕಿ.ಮೀ.ಗೆ ಗುಣಿಸಲು ಹೇಳಿದಾಗ ನನ್ನ ವಿದ್ಯಾರ್ಥಿಯೊಬ್ಬ ಸೊನ್ನೆ ಬರೆದು ಬರೆದು ಬೇಸತ್ತು ಪೆನ್ನು ಕೆಳಗಿಟ್ಟ.

ಸಂಖ್ಯೆಗಿಂತ ದೊಡ್ಡ ಮಾತು ಇವುಗಳ ವೈವಿಧ್ಯ. ದಾಂಡೇಲಿಯ ಹುಲಿ, ಮಂಗಟ್ಟೆ ಹಕ್ಕಿ, ನಾಗರಹಾವು, ಕಪ್ಪೆ, ಕಾಳಿಯ ಮೊಸಳೆ, ನೀವು, ನಾನು ಎಲ್ಲ ಸೇರಿ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಒಂದೇ ವಂಶ. ಕಾರವಾರದ ಒಂದು ಬಾಟಲಿ ಉಸುಕಿನಲ್ಲಿ ಅಂಥ ಐದಾರು ವಂಶಗಳು ಒಟ್ಟಿಗೆ ಸಿಗುತ್ತವೆ. ಕೆಲವು ವಂಶಗಳಂತೂ ಸಮುದ್ರದ ಕೆಸರು, ಉಸುಕು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಅದರಲ್ಲೊಂದು ಲೋರಿಸಿಫೆರಾ. ಡೆನ್ಮಾರ್ಕಿನ ಕ್ರಿಸ್ಟೆನ್ಸನ್ ಎಂಬುವರು ಫ್ರಾನ್ಸಿನ ರೋಸ್ಕಾಫ್ ಎಂಬ ಕಡಲೂರಿನಲ್ಲಿ ಊರಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಪದ್ಧತಿ ಪ್ರಕಾರ ತೊಳೆಯಲು ಹೊತ್ತಿರಲಿಲ್ಲ. ಉಸುಕಿನ ಮಾದರಿಗೆ ಸಿಹಿನೀರು ಸುರಿದುಬಿಟ್ಟರು. ಕಣಕ್ಕೆ ಬಿಡದೆ ಅಂಟಿಕೊಂಡು ಕೂತಿದ್ದ ಪ್ರಾಣಿ ಹೊರಗೆ ಬಂತು. 1983ರಲ್ಲಿ ಅದಕ್ಕೆ ಹೊಸ ವಂಶದ ಹೆಸರೇ ಕೊಡಬೇಕಾಯಿತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಹದಿನಾಲ್ಕು ವರ್ಷ ಆದಮೇಲೆ, ಯುರೋಪಿನ ಕಡಲತಳದ ಉಸುಕಿನಲ್ಲಿ! ಹಾಗಿದ್ದರೆ ಕೊಲ್ಲಂ ಎದುರಿನ 50 ಮೀಟರ್ ಆಸುಪಾಸಿನ ಆಳದಲ್ಲಿ ಏನೇನಿದೆ ಅಂತ ಹರಾಜಿಗೆ ಮೊದಲೇ ಹೇಳಬಲ್ಲವರು ಯಾರು?

ನಮ್ಮ ದೇಶದಲ್ಲಿ ಈ ವಿದ್ಯೆ ಗೊತ್ತಿದ್ದವರು ಯಾರೂ ಇಲ್ಲ ಅಂತಲ್ಲ. ವಿಶಾಖಪಟ್ಟಣದ ವಾಲ್ಟೇರ್ ಕಡಲ ದಂಡೆಯ ಉಸುಕಿನ ಜೀವಿಗಳ ಬಗ್ಗೆ ಗಣಪತಿ ಮತ್ತು ಜಿ. ಚಂದ್ರಶೇಖರ ರಾವ್ ಅವರು 1960ರ ದಶಕದಲ್ಲೇ ಬರೆದರು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ 1966ರಿಂದ ಇದೆ, ಹುಬ್ಬಳ್ಳಿಯಿಂದ ಬಸ್ ಹತ್ತಿದರೆ ಅರ್ಧ ದಿನದ ದಾರಿ. ಅದೇ ಸಂಸ್ಥೆಯ ನೇತೃತ್ವದಲ್ಲಿ 1997ರಲ್ಲಿ ಹಿಂದೂ ಮಹಾಸಾಗರದ ನಡುವೆ ಒಂದು ಪ್ರಯೋಗ ನಡೆಯಿತು. ಮುಂದೆ ಲೋಹದ ಉಂಡೆ ತೆಗೆದರೆ ತಳದ ಜೀವಿಗಳಿಗೆ ಏನಾಗಬಹುದು ಅಂತ ತಿಳಿಯಲು, ಬೇಕಂತಲೇ ಒಂದು ಪಟ್ಟೆಯ ಕೆಸರು ಕದಡಿ, ಮೊದಲೂ ಆಮೇಲೂ ಜೀವಿಗಳನ್ನು ಎಣಿಸಿದರು. ಇಷ್ಟು ಎಚ್ಚರಿಕೆ ನಡುಸಾಗರದಲ್ಲಿ ತೋರಿಸಿದ ದೇಶ, ಮೀನುಗಾರರ ಬಲೆ ಬೀಳುವ ಜಾಗದಲ್ಲಿ ಯಾಕೆ ತೋರಿಸಬಾರದು? ಪೆರು ದೇಶದ ಎದುರಿನ ಆಳ ಸಮುದ್ರದಲ್ಲಿ ಜರ್ಮನಿಯವರು 1989ರಲ್ಲಿ ಇಂಥದ್ದೇ ನೇಗಿಲು ಎಳೆದಿದ್ದರು. 2015ರಲ್ಲಿ ಹೋಗಿ ನೋಡಿದಾಗ ನೇಗಿಲ ಸಾಲು ಹಾಗೇ ಇತ್ತು.

ಆಳ ಸಮುದ್ರದ ಲೆಕ್ಕವನ್ನು ಕರಾವಳಿಗೆ ಹಾಗೇ ಹಚ್ಚಲು ಬರುವುದಿಲ್ಲ, ಒಪ್ಪುತ್ತೇನೆ. ಆಳ ಕಡಿಮೆ ಇದ್ದಲ್ಲಿ ದುಂಡು ಹುಳುಗಳು ಕೆಲವೇ ತಿಂಗಳಲ್ಲಿ ವಾಪಸ್ ಬಂದಾವು. ‘ಹುಳ ಮತ್ತೆ ಬರ್ತಾವೆ ಬಿಡ್ರಿ’ ಅನ್ನುವವರು ತೋರಿಸುವುದು ಇದನ್ನೇ. ಆದರೆ ಮೊದಲಿದ್ದ ಸಂಸಾರ ಬರುವುದಿಲ್ಲ. ಈ ಪ್ರಾಣಿಗಳಲ್ಲಿ ಹೆಚ್ಚಿನವಕ್ಕೆ ಮೀನಿನ ಹಾಗೆ ನೀರಿನಲ್ಲಿ ತೇಲಿ ದೂರ ಹೋಗುವ ಮರಿಗಳಿಲ್ಲ. ಹಾಕುವ ಮೊಟ್ಟೆಯೂ ಬೆರಳೆಣಿಕೆ. ಪಕ್ಕದ ಉಸುಕಿನಿಂದ ಪ್ರವಾಹಕ್ಕೆ ಸಿಕ್ಕಿ ಉರುಳಿಕೊಂಡು ಬರಬೇಕು. ಪಕ್ಕದ ಉಸುಕನ್ನೂ ಹೀರಿದ್ದರೆ ಎಲ್ಲಿಂದ ಬಂದಾವು? ಮೇಲಾಗಿ ಹಡಗು ಉಸುಕನ್ನು ಇಟ್ಟುಕೊಂಡು, ನುಣ್ಣನೆಯ ರಾಡಿ ನೀರನ್ನು ವಾಪಸ್ ಸಮುದ್ರಕ್ಕೆ ಬಿಡುತ್ತದೆ. ಹೊಂಡದಲ್ಲಿ ಆ ರಾಡಿ ಕೂಡುತ್ತದೆ. ಕಣಗಳ ಸಂದು ಮುಚ್ಚಿತು ಅಂದರೆ ಒಳಗೆ ಆಮ್ಲಜನಕ ಹೋಗುವುದಿಲ್ಲ, ಕೊಳೆತ ಮೊಟ್ಟೆ ವಾಸನೆಯ ಕಪ್ಪು ಪದರ ಮೇಲೆ ಬರುತ್ತದೆ. ಉಸುಕಿನ ಸಂದಿಗೆಂದೇ ಮೈ ಸಣ್ಣ ಮಾಡಿಕೊಂಡ ಜೀವಿಗೆ ಆ ರಾಡಿಯಲ್ಲಿ ಮನೆ ಇಲ್ಲ.

‘ಹುಳ ಹೋದರೆ ನಮಗೇನು’ ಎನ್ನುವ ಪ್ರಶ್ನೆಗೆ ಹುಬ್ಬಳ್ಳಿಯ ಮೀನು ಮಾರ್ಕೆಟ್ಟಿನಲ್ಲೇ ಉತ್ತರ ಇದೆ. ಕಾರವಾರ, ಅಂಕೋಲಾ ಕಡೆಯಿಂದ ಬರುವ ನಂಗು, ಸಿಗಡಿ, ಏಡಿ ಎಲ್ಲ ತಳದಲ್ಲೇ ಮೇಯುವಂಥವು. ನಂಗು ಮೀನು ತಿನ್ನುವುದು ಕೆಸರಿನ ಹುಳುಗಳನ್ನು. ಸಿಗಡಿಯ ಮರಿ, ಎಷ್ಟೋ ಮೀನಿನ ಮರಿ ಬೆಳೆಯುವುದು ಮೊಟ್ಟೆಚೀಲ ಹೊತ್ತ ಆ ಕೋಪಿಪಾಡ್ ತಿಂದು. ಡೆನ್ಮಾರ್ಕಿನ ಪೀಟರ್ಸನ್ ನೂರು ವರ್ಷಕ್ಕೂ ಹಿಂದೆ ಸಮುದ್ರದ ತಳದ ಕೆಸರನ್ನು ಬಕೆಟ್ಟಿನಿಂದ ಅಳೆದು ಎತ್ತಿ ಜೀವಿಗಳನ್ನು ಎಣಿಸಲು ಶುರು ಮಾಡಿದ್ದೇ ಮೀನಿಗೆ ಮೇವು ಎಷ್ಟಿದೆ ಅಂತ ತಿಳಿಯಲು. ಕೊಲ್ಲಂ ಎದುರಿನ ಕಡಲು ಹಳೆಯ ಹೆಸರಾಂತ ಮೀನಿನ ಜಾಗ. ಅಲ್ಲಿನವರು ಬೀದಿಗೆ ಇಳಿದದ್ದು ಸುಮ್ನೆ ಅಲ್ಲ.

ಉಸುಕು ಬೇಡ ಅಂತ ನಾನು ಹೇಳುತ್ತಿಲ್ಲ. ನಾನೂ ಧಾರವಾಡದಲ್ಲಿ ಮನೆ ಕಟ್ಟಿಸಿದವನೇ. ಎಂ-ಸ್ಯಾಂಡ್ ಹಾಕಿದ್ದೇನೆ, ಮೇಸ್ತ್ರಿ ಮೊದಲು ಗೊಣಗಿದ, ಆಮೇಲೆ ಒಪ್ಪಿಕೊಂಡ. ಎಂ-ಸ್ಯಾಂಡಿಗೂ ಕಲ್ಲು ಕ್ವಾರಿ ಬೇಕು, ಅದರ ಧೂಳು ಬೇರೆ ತಲೆನೋವು. ಆದರೂ ಹಳೆ ಕಟ್ಟಡದ ಅವಶೇಷ ಪುಡಿ ಮಾಡಿ ಬಳಸುವುದು, ಸರ್ಕಾರಿ ಕೆಲಸದಲ್ಲಿ ಮೊದಲು ಅದನ್ನೇ ಕೇಳುವುದು ಇಂಥ ದಾರಿಗಳು ಮುಗಿದ ಮೇಲಲ್ಲವೇ ಸಮುದ್ರದ ತಳಕ್ಕೆ ಕೈ ಹಾಕಬೇಕಾದದ್ದು?

ಈಗ ನನ್ನ ವಿನಂತಿಗಳು. ಯಾವುದೇ ಕಡಲ ಬ್ಲಾಕಿನ ಗುತ್ತಿಗೆಗೆ ಸಹಿ ಬೀಳುವ ಮೊದಲು ಅಲ್ಲಿನ ತಳದ ಜೀವಿಗಳ ಸರ್ವೇ ಆಗಲಿ. ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ. ಯಾಕೆಂದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲ ಸಮುದ್ರದ ತಳವನ್ನೇ ಬದಲಿಸುತ್ತದೆ. ದೊಡ್ಡ ಹುಳುಗಳಿಗೆ ಅರ್ಧ ಮಿಲಿಮೀಟರ್ ಜರಡಿ ಹಿಡಿದು ಸರ್ವೇ ಮುಗಿಯಿತು ಅನ್ನಬಾರದು, 63 ಮೈಕ್ರಾನ್ ಜರಡಿಯೂ ಇರಬೇಕು. ಆ ವರದಿ ಗುತ್ತಿಗೆ ಪಡೆಯುವ ಕಂಪನಿ ಬರೆಸಿದ್ದಾಗಿರಬಾರದು. ನಿಮ್ಮ ತಿದ್ದುಪಡಿಯಲ್ಲೇ ಕಡಲ ಖನಿಜಕ್ಕೆಂದು ಒಂದು ಟ್ರಸ್ಟ್ ಇದೆ. ಸರ್ವೇ ಖರ್ಚನ್ನು ಅದರಿಂದ ಕೊಡಿಸಿ, ಕೆಲಸವನ್ನು ಗೋವಾದ ಸಂಸ್ಥೆ, ಕೊಚ್ಚಿ, ಕಾರವಾರದ ವಿಭಾಗಗಳಂಥವರಿಗೆ ವಹಿಸಲು ಗಣಿ ಸಚಿವಾಲಯಕ್ಕೆ ನೀವು ಹೇಳಬಹುದು.

ಎರಡನೆಯದು, ಪ್ರತಿ ಬ್ಲಾಕಿನ ಒಳಗೇ ಮುಟ್ಟದ ಪಟ್ಟೆಗಳನ್ನು ಬಿಡಬೇಕು. ಅಲ್ಲಿಂದಲೇ ಜೀವಿಗಳು ಪಕ್ಕದ ಜಾಗಕ್ಕೆ ಮರಳಬೇಕು. ಎಷ್ಟು ಅಗಲ ಬಿಡಬೇಕು ಎನ್ನುವುದನ್ನು ಆ ಸರ್ವೇ ನೋಡಿ ತೀರ್ಮಾನ ಮಾಡಲಿ. ಗುತ್ತಿಗೆ 50 ವರ್ಷದ್ದಾದರೆ ಎಣಿಕೆಯೂ ಅಷ್ಟೂ ವರ್ಷ ನಡೆಯಬೇಕು. ಪ್ರತಿ ವರ್ಷದ ಅಂಕಿ ಯಾರೂ ಕೇಳದಿದ್ದರೂ ಎಲ್ಲರಿಗೂ ಕಾಣುವಂತೆ ಹಾಕಬೇಕು, ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾಯುವಂತೆ ಆಗಬಾರದು.

ಇನ್ನು ನಮ್ಮ ರಾಜ್ಯದ ಮಾತು. ಕರ್ನಾಟಕಕ್ಕೆ ಸುಮಾರು 320 ಕಿ.ಮೀ. ಕಡಲ ದಂಡೆ ಇದೆ. ನಾಳೆ ಮುಂದಿನ ಕಂತಿನಲ್ಲಿ ಕಾರವಾರ, ಕುಮಟಾ, ಹೊನ್ನಾವರದ ಎದುರಿನ ಜಾಗ ಹರಾಜಿಗೆ ಬಂದರೆ, ಅಹವಾಲು ಸಭೆ ಆ ಊರುಗಳಲ್ಲೇ ನಡೆಯಲಿ. ಕಾಗದಪತ್ರ ಕನ್ನಡದಲ್ಲಿ ಇರಲಿ, ಸಭೆಗೆ ತಿಂಗಳು ಮೊದಲೇ ಕೈಗೆ ಸಿಗಲಿ. ಬಲೆ ಹಾಕುವವರು, ಬಳಚು ಆರಿಸುವ ಹೆಂಗಸರು ಹೇಳುವ ಮಾತನ್ನು ‘ಸ್ಥಳೀಯರ ಅಭಿಪ್ರಾಯ’ ಅಂತ ಕೊನೆಯ ಪುಟಕ್ಕೆ ತಳ್ಳಬೇಡಿ. ತಳದಲ್ಲಿ ಉಸುಕು ಎಲ್ಲಿದೆ, ರಾಡಿ ಎಲ್ಲಿದೆ ಅಂತ ಬಲೆಯ ಭಾರದಲ್ಲೇ ಹೇಳುವವರು ಅವರು.

ಕೊಲ್ಲಂ ಬ್ಲಾಕ್‌ಗಳ ಬಗ್ಗೆ ಈಗ ಇರುವ ಜೀವಿಗಳ ಸರ್ವೇ ಏನಾದರೂ ಇದ್ದರೆ, ಅದರ ಪೂರ್ತಿ ಪ್ರತಿಯನ್ನು ಗಣಿ ಸಚಿವಾಲಯದಿಂದ ತರಿಸಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಇಲ್ಲದಿದ್ದರೆ ಇಲ್ಲ ಎಂದೇ ಲಿಖಿತವಾಗಿ ತಿಳಿಸಿ. ಮುಂದಿನ ಅಧಿವೇಶನದಲ್ಲಿ ಈ ಬಗ್ಗೆ ಸದನದಲ್ಲಿ ಉತ್ತರ ಬರುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಪ್ರಶ್ನೆ ಬರೆದುಕೊಡಲು ನಾನೂ, ನನ್ನ ಜೊತೆ ಪಾಠ ಮಾಡುವವರೂ ಸಿದ್ಧ. ನಿಮ್ಮ ಕಚೇರಿಯಿಂದ ಯಾರಾದರೂ ಕಾಲೇಜಿಗೆ ಬಂದರೆ ಜರಡಿ, ಸೂಕ್ಷ್ಮದರ್ಶಕ ಎಲ್ಲ ಇಲ್ಲೇ ಇವೆ. ಕಾರವಾರದ ಉಸುಕೊಂದನ್ನು ಅವರು ಬರುವ ಹಿಂದಿನ ದಿನ ತರಿಸಬೇಕು. ಎರಡು ದಿನ ಹಳತಾದರೆ ಅದರಲ್ಲಿ ಅಲುಗಾಡುವಂಥದ್ದು ಜಾಸ್ತಿ ಉಳಿಯುವುದಿಲ್ಲ.

ಗೌರವಪೂರ್ವಕವಾಗಿ,

ನಿಮ್ಮ ಕ್ಷೇತ್ರದ ಒಬ್ಬ ಮತದಾರ,
ಪ್ರಾಣಿಶಾಸ್ತ್ರ ಉಪನ್ಯಾಸಕ, ಧಾರವಾಡ